ತಲೆಗೆ 72 ಸಾವಿರ: ಗೆಳತಿಯ ಜೊತೆ ಸಿಂಗಪುರದಿಂದ ನಾಲ್ಕು ರಾತ್ರಿ ಕ್ರೂಸ್

ಬೆಂಗಳೂರಿನಿಂದ ಹೊರಟು, ಸಿಂಗಪುರದಲ್ಲಿ ಹಡಗು ಹತ್ತಿ, ಮಲೇಷ್ಯಾದ ಪೆನಾಂಗ್ ಮತ್ತು ಥಾಯ್ಲೆಂಡ್‌ನ ಫುಕೆಟ್ ಮುಗಿಸಿ ಮನೆ ಸೇರುವಷ್ಟರಲ್ಲಿ ಆದ ಖರ್ಚು ತಲೆಗೆ ₹72 ಸಾವಿರದ ಆಸುಪಾಸು. ಪರಿಚಿತರಲ್ಲಿ ಯಾರೂ ನಂಬಿರಲಿಲ್ಲ. ಲಕ್ಷ ದಾಟದೆ ಆಗುವ ಮಾತೇ ಅಲ್ಲ ಅಂದರು. ಏಜೆಂಟ್ ಕೊಟ್ಟ ಕೊಟೇಶನ್ ಕೂಡ ₹1.15 ಲಕ್ಷ ಇತ್ತು. ಎರಡು ಸಲ ಕೈ ಸುಟ್ಟುಕೊಂಡು ಮೂರನೇ ಸಲ ಕೂಡಿಬಂದ ಲೆಕ್ಕ ಇದು, 2025ರ ಫೆಬ್ರವರಿಯದು. ಅಂಕಿಗಳೆಲ್ಲ ನೆನಪಿನಿಂದ ಬರೆದವು, ನೂರಿನ್ನೂರು ಆಚೀಚೆ ಇರಬಹುದು.

ಒಳಗಿನ (ಕಿಟಕಿ ಇಲ್ಲದ) ಕ್ಯಾಬಿನ್ ದರ ₹27,000. ಬಂದರು ಶುಲ್ಕ ಮತ್ತು ತೆರಿಗೆ ₹7,500. ಗ್ರಾಚ್ಯುಟಿ, ಅಂದರೆ ಹಡಗಿನ ಸಿಬ್ಬಂದಿಯ ಟಿಪ್ಸ್, ರಾತ್ರಿಗೆ 18 ಡಾಲರ್ ಚಿಲ್ಲರೆ, ನಾಲ್ಕಕ್ಕೆ ₹6,400. ಕೊಯಮತ್ತೂರಿನಿಂದ ವಿಮಾನ ಹೋಗಿ ಬರಲು ₹17,500. ಬೆಂಗಳೂರಿನಿಂದ ಅಲ್ಲಿಗೆ ಬಸ್ಸು ಎರಡೂ ಕಡೆ ಸೇರಿ ₹1,800. ವೀಸಾ ಏಜೆಂಟ್ ಶುಲ್ಕ ಸೇರಿ ₹3,000, ಇನ್ಶೂರೆನ್ಸ್ ₹600. ಸಿಂಗಪುರದಲ್ಲಿ ಒಂದು ರಾತ್ರಿ ಹಾಸ್ಟೆಲ್ ₹2,500, ಅಲ್ಲಿಯ ಊಟ ಮತ್ತು ರೈಲಿಗೆ ₹2,000. ಎರಡು ಬಂದರುಗಳಲ್ಲಿ ಕೈಖರ್ಚು ₹3,500.

ಈ ಲೆಕ್ಕ ನಿಂತಿರುವುದೇ "ಇಬ್ಬರು" ಅನ್ನುವುದರ ಮೇಲೆ. ಕ್ರೂಸ್ ದರ ಸಾಮಾನ್ಯವಾಗಿ ಒಂದು ಕ್ಯಾಬಿನ್‌ಗೆ ಇಬ್ಬರು ಅಂತ ಲೆಕ್ಕ ಹಾಕಿ ತಲೆಗೆ ತೋರಿಸಿದ್ದು. ಒಬ್ಬರೇ ಹೋದರೆ ಖಾಲಿ ಹಾಸಿಗೆಯ ದರವನ್ನೂ ಬಹುಪಾಲು ಕಟ್ಟಬೇಕು. ಹಾಗಾಗಿ ಜೊತೆಗಾರ್ತಿ ಕೊನೇ ಗಳಿಗೆಯಲ್ಲಿ ಕೈಕೊಟ್ಟರೆ ನಿಮ್ಮ ಬಜೆಟ್ಟೂ ಮುಳುಗಿತು. ಮುಂಗಡ ಕಟ್ಟುವ ಮೊದಲೇ ಮಾತಾಡಿಕೊಳ್ಳಿ: ಬಿಟ್ಟುಹೋಗುವವರು ತಮ್ಮ ಪಾಲು ಬಿಡಬೇಕು, ಇಲ್ಲವೇ ಬದಲಿಗೆ ಒಬ್ಬರನ್ನು ಕರೆತರಬೇಕು. ಇಬ್ಬರಲ್ಲಿ ಒಬ್ಬರ ಹೆಸರು ಉಳಿದರೆ ಇನ್ನೊಂದು ಹೆಸರು ಬದಲಿಸಲು ಹಲವು ಕಂಪನಿಗಳು ಪೂರ್ತಿ ಹಣ ಕಟ್ಟುವವರೆಗೆ ಬಿಡುತ್ತವೆ. ನಾವು ಈ ಕರಾರನ್ನು ವಾಟ್ಸಾಪ್‌ನಲ್ಲಿ ಬರೆದೇ ಇಟ್ಟುಕೊಂಡೆವು. ಸ್ನೇಹಕ್ಕೆ ಅದರಿಂದ ಒಳ್ಳೆಯದೇ ಆಯಿತು.

ಮೊದಲ ಸಲ ಸೋತಿದ್ದು ದಿನ ಆರಿಸಿಕೊಂಡ ರೀತಿಯಲ್ಲಿ. ರಜೆ ಉಳಿಸಲು ಶುಕ್ರವಾರ ಹೊರಟು ಭಾನುವಾರ ಮರಳುವ ಎರಡು ರಾತ್ರಿಯ, ಮಲೇಷ್ಯಾದ ಪೋರ್ಟ್ ಕ್ಲಾಂಗ್‌ಗೆ ಹೋಗುವ ಕ್ರೂಸ್ ತೆಗೆದುಕೊಂಡಿದ್ದೆವು. ಒಟ್ಟು ಮೊತ್ತ ಕಡಿಮೆ ಕಂಡರೂ ರಾತ್ರಿಗೆ ಭಾಗಿಸಿದಾಗ ನಾಲ್ಕು ರಾತ್ರಿಯದಕ್ಕಿಂತ ಒಂದೂವರೆ ಪಟ್ಟು ಬಿತ್ತು. ವಾರಾಂತ್ಯಕ್ಕೆ ಸಿಂಗಪುರದವರೇ ಹಡಗು ತುಂಬುತ್ತಾರೆ. ವಿಮಾನ, ವೀಸಾ, ಬಸ್ಸಿನ ಖರ್ಚು ಎರಡು ರಾತ್ರಿಗೂ ಅಷ್ಟೇ, ನಾಲ್ಕಕ್ಕೂ ಅಷ್ಟೇ. ಮೇಲಾಗಿ ಪೋರ್ಟ್ ಕ್ಲಾಂಗ್‌ನ ಹಡಗುಕಟ್ಟೆ ಇರುವುದು ಪುಲಾವ್ ಇಂಡಾ ದ್ವೀಪದಲ್ಲಿ. ಕೌಲಾಲಂಪುರ ಅಲ್ಲಿಂದ ಸುಮಾರು 60 ಕಿಲೋಮೀಟರ್. ಹೋಗಿ ಬರಲು ಮೂರು ಗಂಟೆ, ವಾಪಸ್ ಟ್ಯಾಕ್ಸಿ ಸಿಗುತ್ತದೋ ಇಲ್ಲವೋ ಅನ್ನುವ ಆತಂಕ ಬೇರೆ. ಬಜೆಟ್ ಇಟ್ಟುಕೊಂಡವರು ಇಳಿದು ನಡೆದೇ ಊರು ನೋಡಬಹುದಾದ ಬಂದರನ್ನೇ ಆರಿಸಬೇಕು. ಅದಕ್ಕೆ ಪೆನಾಂಗ್.

ಸಿಂಗಪುರದ ಶಾಲಾ ರಜೆಗಳನ್ನೂ (ಮಾರ್ಚ್‌ನ ಒಂದು ವಾರ, ಜೂನ್, ಸೆಪ್ಟೆಂಬರ್‌ನ ಒಂದು ವಾರ, ನವೆಂಬರ್ ಕೊನೆಯಿಂದ ಡಿಸೆಂಬರ್) ಚೀನೀ ಹೊಸವರ್ಷವನ್ನೂ ತಪ್ಪಿಸಿ. 2025ರಲ್ಲಿ ಹೊಸವರ್ಷ ಜನವರಿ 29ಕ್ಕೆ ಬಿದ್ದಿತ್ತು. ಫೆಬ್ರವರಿ ಎರಡನೇ ವಾರ ದಾಟುತ್ತಲೇ ದರ ಇಳಿಯಿತು. ಮಲಕ್ಕಾ ಜಲಸಂಧಿ ಎರಡೂ ಕಡೆ ನೆಲ ಇರುವ ಶಾಂತ ಕಡಲು. ಫುಕೆಟ್ ಕಡೆ ತೆರೆದುಕೊಂಡ ಮೇಲೆ ಮಾತ್ರ ಮೇಯಿಂದ ಅಕ್ಟೋಬರ್‌ವರೆಗೆ ಮುಂಗಾರಿನ ಅಲೆ ಇರುತ್ತದೆ. ಫೆಬ್ರವರಿಯಲ್ಲಿ ನೀರು ಕೆರೆಯ ಹಾಗೆ ಇತ್ತು. ವಾಂತಿಗೆ ಅಂತ ತಂದಿದ್ದ ಅವೋಮಿನ್ ಮಾತ್ರೆ ಬಿಚ್ಚಲೇ ಇಲ್ಲ.

ಕ್ಯಾಬಿನ್ ವಿಷಯದಲ್ಲಿ "ಗ್ಯಾರಂಟಿ" ದರವೇ ಅಗ್ಗ. ಯಾವ ಕೋಣೆ ಅಂತ ಕಂಪನಿಯೇ ಕೊನೆಗೆ ಕೊಡುತ್ತದೆ. ಅಪಾಯ ಏನೆಂದರೆ ಈಜುಕೊಳದ ಡೆಕ್‌ನ ಕೆಳಗೆ ಬಿದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು, ಥಿಯೇಟರ್ ಮೇಲೆ ಬಿದ್ದರೆ ಮಧ್ಯರಾತ್ರಿವರೆಗೆ ಡ್ರಮ್ಮು, ಕೆಳಗಿನ ಮುಂಭಾಗದಲ್ಲಿ ಬಿದ್ದರೆ ಬಂದರು ಬಂದಾಗ ಲಂಗರಿನ ಸರಪಳಿ ಮತ್ತು ಥ್ರಸ್ಟರ್ (ಹಡಗನ್ನು ಪಕ್ಕಕ್ಕೆ ತಳ್ಳುವ ಯಂತ್ರ) ಗುಡುಗು. ನಮಗೆ ಹಡಗು ಹತ್ತಿದ ಎರಡೂ ಸಲ ನಡುವಿನ ಕೋಣೆಯೇ ಸಿಕ್ಕಿತು. ಅದಕ್ಕೊಂದು ದಾರಿ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಹಿಡಿದರೆ ಮುಚ್ಚಿಹೋಗುತ್ತದೆ. ದರ ನೋಡಲು ವಾರದ ಯಾವ ದಿನ ಒಳ್ಳೆಯದು ಅನ್ನುವುದನ್ನೂ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಇಷ್ಟು ಮಾತ್ರ ಹೇಳಬಲ್ಲೆ: ಪೂರ್ತಿ ಹಣ ಕಟ್ಟುವ ಗಡುವಿನ ಮುಂಚೆ ದರ ಇಳಿದರೆ ಕೇಳಿ, ಹಳೆಯ ಬುಕಿಂಗ್ ಅನ್ನೇ ಇಳಿದ ದರಕ್ಕೆ ಹಲವರು ಬದಲಿಸಿಕೊಡುತ್ತಾರೆ. ನಮಗೆ ಹಾಗೆ ತಲೆಗೆ ಮೂರು ಸಾವಿರ ಉಳಿಯಿತು.

ಹಾಸಿಗೆ ಎರಡು ಬೇರೆ ಬೇರೆ ಬೇಕು ಅಂತ ಬುಕಿಂಗ್‌ನಲ್ಲೇ ಬರೆಸಿ. ಇಲ್ಲದಿದ್ದರೆ ಜೋಡಿಸಿಟ್ಟಿರುತ್ತಾರೆ. ಸುಮಾರು 150 ಚದರ ಅಡಿಯ ಕೋಣೆಯಲ್ಲಿ ಇಬ್ಬರ ಪೆಟ್ಟಿಗೆ ನೆಲದ ಮೇಲಿದ್ದರೆ ಕಾಲಿಡಲು ಜಾಗ ಇರುವುದಿಲ್ಲ. ಖಾಲಿ ಮಾಡಿ ಮಂಚದ ಕೆಳಗೆ ತಳ್ಳಿ. ಗೋಡೆಗಳು ಉಕ್ಕಿನವು, ಆರು ಮ್ಯಾಗ್ನೆಟ್ ಕೊಕ್ಕೆ ಒಯ್ದರೆ ಟೋಪಿ, ಚೀಲ, ಒದ್ದೆ ಬಟ್ಟೆ ಎಲ್ಲಕ್ಕೂ ಆಗುತ್ತದೆ. ಎಸಿ ಗಾಳಿಗೆ ತೆಳು ಸಿಂಥೆಟಿಕ್ ಬಟ್ಟೆ ರಾತ್ರಿ ಕಳೆಯುವಷ್ಟರಲ್ಲಿ ಒಣಗುತ್ತದೆ, ಹತ್ತಿಯದು ಒಣಗುವುದಿಲ್ಲ. ಕಿಟಕಿ ಇಲ್ಲದ ಕೋಣೆಯಲ್ಲಿ ಬೆಳಗಾದದ್ದೇ ತಿಳಿಯದು. ಹಡಗಿನ ಮುಂಭಾಗದ ಕ್ಯಾಮೆರಾ ಬರುವ ಟಿವಿ ಚಾನೆಲ್ ಇದ್ದರೆ ಅದನ್ನು ಹಾಕಿಟ್ಟು ಸದ್ದು ಆರಿಸಿ ಮಲಗಿ. ಸೂರ್ಯ ಹುಟ್ಟಿದಾಗ ಕೋಣೆಗೂ ಬೆಳಕು ಬರುತ್ತದೆ. ಕಿಟಕಿಯ ಕ್ಯಾಬಿನ್‌ಗೆ ಹೆಚ್ಚುವರಿ ₹9,000 ಕೇಳಿದ್ದರು, ಅದು ಉಳಿಯಿತು.

ವಿಮಾನದಲ್ಲೇ ದೊಡ್ಡ ಉಳಿತಾಯ. ಬೆಂಗಳೂರಿನಿಂದ ನೇರ ಹಾರುವುದು ಆ ವಾರ ₹29 ಸಾವಿರದ ಮೇಲಿತ್ತು. ಕೊಯಮತ್ತೂರು ಮತ್ತು ತಿರುಚ್ಚಿಯಿಂದ ಸಿಂಗಪುರದ ಅಗ್ಗದ ವಿಮಾನ ಕಂಪನಿ ಸ್ಕೂಟ್ ನೇರ ಹಾರುತ್ತದೆ, ದರ ಬಹಳ ಕಡಿಮೆ. ಕ್ಯಾಬಿನ್ ಲಗೇಜ್ 10 ಕೆಜಿ ತಲೆಗೆ ಉಚಿತ. ಇಬ್ಬರಿಗೂ ಸೇರಿಸಿ ಒಂದೇ 20 ಕೆಜಿ ಚೆಕ್-ಇನ್ ಬ್ಯಾಗ್ ಕೊಂಡೆವು. ಹಡಗಿನ ದಿನವೇ ಬೆಳಿಗ್ಗೆ ಇಳಿಯುವ ವಿಮಾನ ಹಿಡಿಯಬೇಡಿ. ನಮ್ಮ ಎರಡನೇ ಪ್ರಯತ್ನ ಹಾಳಾದದ್ದೇ ಹಾಗೆ: ವಿಮಾನ ಆರು ಗಂಟೆ ತಡವಾಯಿತು, ಹಡಗು ಕಾಯಲಿಲ್ಲ, ಕಟ್ಟಿದ ಹಣ ಪೂರ್ತಿ ಹೋಯಿತು. ₹2,500ರ ಹಾಸ್ಟೆಲ್ ರಾತ್ರಿ ಇಡೀ ಪ್ರವಾಸಕ್ಕೆ ವಿಮೆ ಇದ್ದ ಹಾಗೆ.

ಆ ಎರಡನೇ ಸಲದ್ದೇ ಇನ್ನೊಂದು ಪಾಠ ಟಿಸಿಎಸ್, ಅಂದರೆ ಮಾರುವವರೇ ಮೊದಲು ಹಿಡಿದುಕೊಳ್ಳುವ ತೆರಿಗೆ. ಏಜೆಂಟ್ ವಿದೇಶಿ ಪ್ಯಾಕೇಜ್ ಅಂತ ಮಾರಿದ್ದಕ್ಕೆ ಆಗಿನ ದರದಂತೆ 5% ಹಿಡಿದರು. ಅದು ರಿಟರ್ನ್ಸ್‌ನಲ್ಲಿ ವಾಪಸ್ ಬರುವ ಹಣ, ಚಿಂತೆಯಿಲ್ಲ. ಆದರೆ ಇಬ್ಬರದ್ದನ್ನೂ ಒಬ್ಬರ ಪ್ಯಾನ್ ಮೇಲೆ ಹಾಕಿಬಿಟ್ಟರು. 26ಎಎಸ್ (ನಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿ) ನೋಡಿದಾಗಲೇ ಗೊತ್ತಾದದ್ದು. ಇಬ್ಬರೂ ಅವರವರ ಖಾತೆಯಿಂದ, ಅವರವರ ಪ್ಯಾನ್ ಕೊಟ್ಟು ಬೇರೆ ಬೇರೆ ಕಟ್ಟಿ. ವಿದೇಶಿ ವಹಿವಾಟಿಗೆ ಮಾರ್ಕಪ್ ಇಲ್ಲದ ಕಾರ್ಡ್ ಒಂದು ಇಟ್ಟುಕೊಳ್ಳಿ. ಮಾಮೂಲಿ ಕಾರ್ಡಿನ ಮೂರೂವರೆ ಪ್ರತಿಶತ ಮತ್ತು ಅದರ ಮೇಲಿನ ಜಿಎಸ್‌ಟಿ ಸೇರಿದರೆ ಹಡಗಿಗೆ ಕಟ್ಟುವ ಸುಮಾರು ₹40 ಸಾವಿರಕ್ಕೆ ಸಾವಿರದೈನೂರು ದಾಟುತ್ತದೆ. ಯಂತ್ರ "ರೂಪಾಯಿಯಲ್ಲಿ ಕಟ್ಟುತ್ತೀರಾ" ಅಂದರೆ ಬೇಡ ಅನ್ನಿ, ಸ್ಥಳೀಯ ಕರೆನ್ಸಿಯೇ ಅಗ್ಗ.

ಕಾಗದಪತ್ರದಲ್ಲಿ ಎಡವುವುದು ಒಂದೇ ಕಡೆ. ಹಡಗು ಸಿಂಗಪುರ ಬಿಟ್ಟರೆ ನೀವು ದೇಶ ಬಿಟ್ಟ ಹಾಗೆ. ಮರಳಿದಾಗ ಎರಡನೇ ಪ್ರವೇಶ. ಹಾಗಾಗಿ ವೀಸಾದಲ್ಲಿ ಮಲ್ಟಿಪಲ್ ಅಂತಿದೆಯೇ ನೋಡಿ. ಸಿಂಗಪುರ ಪ್ರವೇಶಕ್ಕೆ ಆನ್‌ಲೈನ್‌ನಲ್ಲಿ ತುಂಬುವ ಎಸ್‌ಜಿ ಅರೈವಲ್ ಕಾರ್ಡನ್ನೂ ಎರಡು ಸಲ ತುಂಬಬೇಕು: ವಿಮಾನಕ್ಕೊಂದು, ಹಡಗಿನಿಂದ ಇಳಿಯುವಾಗ ಇನ್ನೊಂದು. ಇಳಿಯುವ ದಿನವೂ ಸೇರಿ ಮೂರು ದಿನದೊಳಗೆ ಮಾತ್ರ ತುಂಬಲು ಆಗುವುದರಿಂದ ಎರಡನೆಯದನ್ನು ಫುಕೆಟ್‌ನಲ್ಲಿ ಇಳಿದಾಗ ತುಂಬಿದೆವು, ಹಡಗಿನ ವೈಫೈ ಕೊಳ್ಳದೆಯೇ. ಈ ಕಾರ್ಡ್ ಉಚಿತ. ದುಡ್ಡು ಕೇಳುವ ನಕಲಿ ತಾಣಗಳು ಹುಡುಕಾಟದಲ್ಲಿ ಮೊದಲು ಬರುತ್ತವೆ, ಎಚ್ಚರ. ಮಲೇಷ್ಯಾದ್ದೂ ಉಚಿತ. ಥಾಯ್ಲೆಂಡ್ 2025ರ ಮೇ 1ರಿಂದ ತನ್ನದೊಂದು ಡಿಜಿಟಲ್ ಕಾರ್ಡ್ ತಂದಿದೆ. ನಿಮ್ಮ ಹಡಗಿನವರು ಯಾವುದನ್ನು ಕೇಳುತ್ತಾರೆ ಅಂತ ಮೊದಲೇ ವಿಚಾರಿಸಿ.

ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಿಂದ ಟ್ಯಾಕ್ಸಿ ಬೇಡ. ಎಂಆರ್‌ಟಿಯಲ್ಲಿ (ಅಲ್ಲಿಯ ಮೆಟ್ರೋ) ಕೆಂಪು ಮಾರ್ಗದ ಕೊನೆಯ ನಿಲ್ದಾಣ ಮರೀನಾ ಸೌತ್ ಪಿಯರ್. ಅಲ್ಲಿಂದ ಮರೀನಾ ಬೇ ಕ್ರೂಸ್ ಸೆಂಟರ್‌ಗೆ ಪೆಟ್ಟಿಗೆ ಎಳೆದುಕೊಂಡು ಹತ್ತು ಹದಿನೈದು ನಿಮಿಷದ ನಡಿಗೆ. ನಮ್ಮ ಬ್ಯಾಂಕ್ ಕಾರ್ಡನ್ನೇ ಗೇಟಿಗೆ ಮುಟ್ಟಿಸಬಹುದು. ವಿದೇಶಿ ಕಾರ್ಡಿಗೆ ಬಳಸಿದ ದಿನಕ್ಕೆ 60 ಸೆಂಟ್ ಹೆಚ್ಚುವರಿ. ಹಡಗು ಹತ್ತಲು ಎಲ್ಲಕ್ಕಿಂತ ಮೊದಲಿನ ಸ್ಲಾಟ್ ಹಿಡಿಯಿರಿ, ಮಧ್ಯಾಹ್ನದ ಊಟ ಹಡಗಿನಲ್ಲೇ ಆಗುತ್ತದೆ. ದೊಡ್ಡ ಬ್ಯಾಗ್ ಕೋಣೆಗೆ ಬರಲು ಸಂಜೆಯಾಗಬಹುದು. ಈಜುಡುಗೆ, ಮಾತ್ರೆ, ಚಾರ್ಜರ್ ಕೈಚೀಲದಲ್ಲಿರಲಿ.

ಏನು ಒಯ್ಯಬಾರದು ಅನ್ನುವುದು ನಮ್ಮವರಿಗೆ ಮುಖ್ಯ. ಎಕ್ಸ್‌ಟೆನ್ಷನ್ ಬೋರ್ಡ್, ಇಸ್ತ್ರಿ ಪೆಟ್ಟಿಗೆ, ಕೆಟಲ್ ಸ್ಕ್ಯಾನಿಂಗ್‌ನಲ್ಲೇ ಹಿಡಿದಿಡುತ್ತಾರೆ. ನಾಲ್ಕು ಕಿಂಡಿಯ ಯುಎಸ್‌ಬಿ ಹಬ್ ಮತ್ತು ಒಂದು ಯೂನಿವರ್ಸಲ್ ಅಡಾಪ್ಟರ್ ಸಾಕು. ಒಣ ಕೊಬ್ಬರಿ ವಿಮಾನಕ್ಕೆ ನಿಷಿದ್ಧ. ಗಸಗಸೆ ಸಿಂಗಪುರಕ್ಕೆ ಬೇಡವೇ ಬೇಡ. ಹಾಗಾಗಿ ಕೊಬ್ಬರಿ ಚಟ್ನಿಪುಡಿ ಬಿಟ್ಟು ಶೇಂಗಾ ಚಟ್ನಿಪುಡಿ, ಅಂಗಡಿಯ ಸೀಲ್ ಮಾಡಿದ ಪ್ಯಾಕೆಟ್. ಮನೆಯಲ್ಲಿ ಮಾಡಿದ ತಿಂಡಿ ಹಡಗಿಗೆ ಬಿಡುವುದಿಲ್ಲ. ಗುಟ್ಕಾ, ಜಗಿಯುವ ತಂಬಾಕು, ಇ-ಸಿಗರೇಟ್ ಸಿಂಗಪುರದಲ್ಲಿ ಅಪರಾಧ.

ಊಟಕ್ಕೆ ಭಯವಿಲ್ಲ. ಸಸ್ಯಾಹಾರಿ ಭಾರತೀಯ ಅಂತ ಮೊದಲೇ ಬರೆಸಿ, ಮೊದಲ ರಾತ್ರಿಯೇ ಮುಖ್ಯ ಡೈನಿಂಗ್‌ನ ಹೆಡ್ ವೇಟರ್‌ಗೆ ನಾಳೆ ಏನು ಬೇಕು ಅಂತ ಹೇಳಿ, ಮೆನುವಿನಲ್ಲಿಲ್ಲದ್ದೂ ಬರುತ್ತದೆ. ಬೆಳಗಿನ ಬಫೆಯ ಸಾದಾ ಯೋಗರ್ಟ್ ಮತ್ತು ಮಧ್ಯಾಹ್ನದ ಅನ್ನ ಸೇರಿದರೆ ಮೊಸರನ್ನ. ಕಾಫಿಗೆ ಮಾತ್ರ ಪ್ರಯೋಗ ಬೇಕಾಯಿತು. ಪುಟ್ಟ ಸ್ಟೀಲ್ ಫಿಲ್ಟರ್ ಒಯ್ದಿದ್ದೆವು. ಬಫೆಯ ಬಿಸಿನೀರು ಕುದಿ ಬಂದದ್ದಲ್ಲ, ಮೊದಲ ದಿನ ಡಿಕಾಕ್ಷನ್ ನೀರಾಯಿತು. ಎರಡನೇ ದಿನ ಫಿಲ್ಟರನ್ನು ಮೊದಲು ಬಿಸಿನೀರಲ್ಲಿ ತೊಳೆದು ಕಾಯಿಸಿ, ಪುಡಿ ಒಂದೂವರೆ ಪಟ್ಟು ಹಾಕಿ, ನೀರನ್ನು ಎರಡು ಕಂತಿನಲ್ಲಿ ಸುರಿದು ಇಪ್ಪತ್ತೈದು ನಿಮಿಷ ಬಿಟ್ಟೆವು. ಗಟ್ಟಿಯಾಗಿ ಇಳಿಯಿತು. 250 ಗ್ರಾಂ ಪುಡಿ ಇಬ್ಬರಿಗೆ ನಾಲ್ಕು ದಿನಕ್ಕೆ ಸಾಕಾಗಿ ಮಿಕ್ಕಿತು.

ಹಡಗಿನೊಳಗೆ ದುಡ್ಡು ಸೋರುವ ತೂತುಗಳು ಮೂರು. ಒಂದು, ಪಾನೀಯ ಪ್ಯಾಕೇಜ್: ಹಲವು ಕಡೆ ಮದ್ಯದ ಪ್ಯಾಕೇಜನ್ನು ಒಬ್ಬರು ಕೊಂಡರೆ ಅದೇ ಕ್ಯಾಬಿನ್‌ನ ಇನ್ನೊಬ್ಬರೂ ಕೊಳ್ಳಲೇಬೇಕು, ಆದ್ದರಿಂದ ಇಬ್ಬರೂ ಮೊದಲೇ ಒಂದು ತೀರ್ಮಾನಕ್ಕೆ ಬನ್ನಿ. ಎರಡು, ಫೋನ್. ಕಡಲಲ್ಲಿ ಫೋನ್ ಹಡಗಿನ ಉಪಗ್ರಹ ಜಾಲಕ್ಕೆ ತಾನೇ ಅಂಟಿಕೊಳ್ಳುತ್ತದೆ, ಅದು ಮಾಮೂಲಿ ರೋಮಿಂಗ್ ಪ್ಯಾಕ್‌ನಲ್ಲಿ ಬರುವುದಿಲ್ಲ. ಮೊದಲ ಕ್ರೂಸ್‌ನಲ್ಲಿ ಒಂದೇ ರಾತ್ರಿಗೆ ನಾಲ್ಕು ಸಾವಿರ ಬಿಲ್ ಬಂದಿತ್ತು. ಹತ್ತುತ್ತಲೇ ಏರೋಪ್ಲೇನ್ ಮೋಡ್. ವೈಫೈ ಬೇಕೇ ಬೇಕೆಂದರೆ ಒಂದು ಸಾಧನದ ಪ್ಲಾನ್ ಕೊಂಡು ಒಬ್ಬರು ಲಾಗೌಟ್ ಆಗಿ ಇನ್ನೊಬ್ಬರು ಲಾಗಿನ್ ಆಗಿ. ಮೂರು, ಒಂದೇ ಕಾರ್ಡ್ ಮೇಲೆ ಇಬ್ಬರ ಖರ್ಚು ಸೇರುವುದು. ಮೊದಲ ದಿನವೇ ಗೆಸ್ಟ್ ಸರ್ವಿಸಸ್‌ಗೆ ಹೋಗಿ ಖಾತೆ ಬೇರೆ ಮಾಡಿಸಿ.

ಪೆನಾಂಗ್‌ನಲ್ಲಿ ಹಡಗು ನಿಲ್ಲುವ ಸ್ವೆಟ್ಟೆನ್‌ಹ್ಯಾಮ್ ಪಿಯರ್ ಜಾರ್ಜ್‌ಟೌನ್‌ಗೇ ಅಂಟಿಕೊಂಡಿದೆ, ಹಡಗಿನವರ ಪ್ರವಾಸ ಕೊಳ್ಳುವುದು ದಂಡ. ಫೋರ್ಟ್ ಕಾರ್ನ್‌ವಾಲಿಸ್ ಬಳಸಿ ನಡೆದರೆ ಲಿಟಲ್ ಇಂಡಿಯಾ, ಕ್ವೀನ್ ಸ್ಟ್ರೀಟ್‌ನ 1833ರ ಮಹಾಮಾರಿಯಮ್ಮನ ಗುಡಿ, ಬಾಳೆಲೆ ಊಟ. 2008ರಿಂದ ಯುನೆಸ್ಕೋ ಪಟ್ಟಿಯಲ್ಲಿರುವ ಊರು, ಬೀದಿಗಳೇ ನೋಡುವಂಥವು. ಪೆನಾಂಗ್ ಬೆಟ್ಟಕ್ಕೆ ಹೋಗುವವರಿಗೆ ಜೆಟ್ಟಿ ಬಸ್ ನಿಲ್ದಾಣದಿಂದ 204ನೇ ಬಸ್ಸು, ಚಿಲ್ಲರೆ ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ಹಡಗಿನವರ ಹತ್ತಿರವೇ ಇದ್ದರೆ ಜೆರಾಕ್ಸ್ ಮತ್ತು ಹಡಗಿನ ಕಾರ್ಡ್ ಜೇಬಲ್ಲಿರಲಿ.

ಫುಕೆಟ್‌ನಲ್ಲಿ ಗಡಿಯಾರದ ಬಲೆ ಇದೆ. ಥಾಯ್ಲೆಂಡ್ ಸಮಯ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ಅಲ್ಲಿಯ ಸಿಗ್ನಲ್ ಸಿಗುತ್ತಲೇ ಫೋನ್ ತಾನಾಗಿ ಬದಲಾಗುತ್ತದೆ, ಹಡಗಿನ ಸಮಯ ಬದಲಾಗದೆ ಇರಬಹುದು. ಫೋನ್ ನೋಡಿ ಮೂರು ಗಂಟೆ ಅಂದುಕೊಂಡರೆ ಹಡಗಿನಲ್ಲಿ ನಾಲ್ಕಾಗಿರುತ್ತದೆ. ಮಾಮೂಲಿ ಕೈಗಡಿಯಾರ ಕಟ್ಟಿಕೊಳ್ಳಿ. ಹಡಗು ದೂರದಲ್ಲಿ ಲಂಗರು ಹಾಕಿ ಟೆಂಡರ್ ದೋಣಿಯಲ್ಲಿ ಇಳಿಸಿದರೆ ಮೊದಲ ಚೀಟಿಗೆ ಬೆಳಿಗ್ಗೆಯೇ ಸಾಲು ನಿಲ್ಲಿ, ಮರಳಲು ಕೊನೆಯ ದೋಣಿಗಿಂತ ಒಂದು ಗಂಟೆ ಮುಂಚೆ ದಡದಲ್ಲಿರಿ.

ಕೊನೆಯ ರಾತ್ರಿ ಬ್ಯಾಗನ್ನು ಬಾಗಿಲ ಹೊರಗಿಡುವ ಬದಲು ನಮ್ಮ ಲಗೇಜ್ ನಾವೇ ಒಯ್ಯುತ್ತೇವೆ ಅಂತ ಬರೆಸಿ. ಇಳಿಯುವ ಮೊದಲ ಸಾಲೇ ನಿಮ್ಮದು; ಬ್ಯಾಗ್ ಹುಡುಕುವ ಗಂಟೆ ಉಳಿಯುತ್ತದೆ. ಆದರೂ ವಿಮಾನ ಮಧ್ಯಾಹ್ನ 3ರ ನಂತರದ್ದೇ ಇರಲಿ.