ಹಳೇ ಕಾರಿನ ಸ್ಪೇರ್ ಸಿಗುತ್ತಿಲ್ಲವೇ? ಕಾರಿನ ಹೆಸರು ಬಿಟ್ಟು ಕೇಳಿ ನೋಡಿ

"ಪದ್ಮಿನಿದಾ? ಬರೋದು ನಿಂತು ಎಷ್ಟೋ ವರ್ಷ ಆಯ್ತು ಸಾರ್."

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಬೆಳಿಗ್ಗೆ ನಾಲ್ಕು ಅಂಗಡಿಗಳಲ್ಲಿ ಇದೇ ಉತ್ತರ ಸಿಕ್ಕಿತು. ನಮ್ಮ ಮನೆಯಲ್ಲಿರುವುದು 1986ರ ಪ್ರೀಮಿಯರ್ ಪದ್ಮಿನಿ, ಅಪ್ಪ ಕೊಂಡಿದ್ದು. ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಕಿರ್ರನೆ ಸದ್ದು ಮಾಡುತ್ತಿತ್ತು. ಮೇಸ್ತ್ರಿ ಅದನ್ನು ಬಿಚ್ಚಿ, ಒಳಗಿನ ಬೇರಿಂಗ್ ನನ್ನ ಕೈಗಿಟ್ಟು "ಇದೊಂದು ತಂದುಬಿಡಿ" ಎಂದಿದ್ದರು.

ಐದನೇ ಅಂಗಡಿಯ ಹಿರಿಯರು ಕಾರು ಯಾವುದು ಅಂತ ಕೇಳಲೇ ಇಲ್ಲ. ಬೇರಿಂಗನ್ನು ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿದರು. ಬೆಳಕಿಗೆ ಓರೆಯಾಗಿ ಹಿಡಿದರು. ಜಿಡ್ಡು ಹೋದ ಅಂಚಿನಲ್ಲಿ 6203 ಅನ್ನುವ ಅಂಕಿ ಕಾಣಿಸಿತು. "ಪಕ್ಕದಲ್ಲಿ ಬೇರಿಂಗ್ ಅಂಗಡಿ ಇದೆ. ಕಾರಿನ ಹೆಸರು ಎತ್ತಬೇಡಿ, ನಂಬರ್ ಮಾತ್ರ ಹೇಳಿ" ಎಂದರು. ಎರಡೇ ನಿಮಿಷದಲ್ಲಿ ಹೊಸ ಬೇರಿಂಗ್ ಸಿಕ್ಕಿತು. ಎಷ್ಟೋ ಮೋಟಾರುಗಳಿಗೆ ಹಾಕುವುದೂ ಅದೇ ಬೇರಿಂಗ್.

ಅವತ್ತು ಕಲಿತದ್ದು ಇಷ್ಟು. ಹಳೇ ಕಾರಿನ ಎಷ್ಟೋ ಸಾಮಾನು ಮಾರುಕಟ್ಟೆಯಲ್ಲಿ ಇದ್ದೇ ಇರುತ್ತದೆ, ಆದರೆ ನಮ್ಮ ಕಾರಿನ ಹೆಸರಿನಲ್ಲಿ ಇರುವುದಿಲ್ಲ. ಹಾಗಾದರೆ ಹುಡುಕುವುದು ಹೇಗೆ?

1. ಹಳೇ ಪಾರ್ಟ್ ಎಸೆಯಬೇಡಿ

ಒಡೆದಿರಲಿ, ಸವೆದಿರಲಿ, ಹೊಸದು ಕೂತು ಗಾಡಿ ಓಡುವವರೆಗೆ ಹಳೆಯದು ನಿಮ್ಮ ಹತ್ತಿರವೇ ಇರಲಿ. ಬಿಚ್ಚುವ ಮೊದಲು ಎರಡು ಮೂರು ಕಡೆಯಿಂದ ಫೋಟೊ ತೆಗೆದುಕೊಳ್ಳಿ. ಆರ್‌ಸಿ ನೋಡಿ ತಯಾರಾದ ತಿಂಗಳು, ವರ್ಷ, ಎಂಜಿನ್ ಮತ್ತು ಷಾಸಿ ನಂಬರ್ ಬರೆದಿಟ್ಟುಕೊಳ್ಳಿ. ಮಾದರಿಯ ಹೆಸರೊಂದೇ ಸಾಲುವುದಿಲ್ಲ. ಮಾರುತಿ 800 ಬಂದದ್ದು 1983ರಲ್ಲಿ, ನಿಂತದ್ದು 2014ರಲ್ಲಿ. ಎಂಜಿನ್ನಿಗೆ ಪೆಟ್ರೋಲ್ ಕೊಡಲು ಹಳೆಯದಕ್ಕೆ ಕಾರ್ಬ್ಯುರೇಟರ್, ಆಮೇಲಿನದಕ್ಕೆ ಎಂಪಿಎಫ್ಐ ಅನ್ನುವ ಇಂಜೆಕ್ಷನ್ ವ್ಯವಸ್ಥೆ. "800ರದ್ದು ಕೊಡಿ" ಅಂದರೆ ಅಂಗಡಿಯವರು ಯಾವುದು ಅಂತ ಕೊಡಬೇಕು?

2. ಒರೆಸಿ, ಓದಿ, ಅಳೆಯಿರಿ

ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ. ಒಳ ಅಳತೆ, ಹೊರ ಅಳತೆ ಎರಡನ್ನೂ ನಿಖರವಾಗಿ ತೋರಿಸುವ ಒಂದು ವರ್ನಿಯರ್ ಕ್ಯಾಲಿಪರ್ ಕೊಂಡುಕೊಳ್ಳಿ. ಹಳೇ ಕಾರು ಇಟ್ಟುಕೊಂಡವರಿಗೆ ಸ್ಪ್ಯಾನರ್‌ನಷ್ಟೇ ಬೇಕಾಗುವ ಸಾಮಾನು ಅದು.

ಬೇರಿಂಗ್ ನಂಬರ್ ಇಡೀ ಜಗತ್ತಿಗೆ ಒಂದೇ. 6203 ಅಂದರೆ ಒಳಗಿನ ತೂತು 17 ಮಿ.ಮೀ., ಹೊರ ಅಳತೆ 40, ದಪ್ಪ 12. ಕೊನೆಯ ಎರಡು ಅಂಕಿ 04 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಐದರಿಂದ ಗುಣಿಸಿ, ತೂತಿನ ಅಳತೆ ಸಿಗುತ್ತದೆ. 6204ಕ್ಕೆ 20, 6205ಕ್ಕೆ 25. ನಂಬರ್ ಆದಮೇಲೆ 2ಆರ್‌ಎಸ್ ಅಂತಿದ್ದರೆ ಎರಡೂ ಬದಿಗೆ ರಬ್ಬರ್ ಸೀಲ್, ಝಡ್‌ಝಡ್ ಅಂತಿದ್ದರೆ ತಗಡಿನ ಮುಚ್ಚಳ. ಸಿ3 ಅಂತ ಇದ್ದರೆ ಅದನ್ನೇ ಕೇಳಿ. ಬಿಸಿಯಾದಾಗ ಹಿಗ್ಗಲಿ ಅಂತ ಒಳಗೆ ತುಸು ಹೆಚ್ಚು ಸಡಿಲ ಬಿಟ್ಟಿರುತ್ತಾರೆ.

ತಿರುಗುವ ಷಾಫ್ಟಿನ ಸುತ್ತ ಆಯಿಲ್ ಸೋರದಂತೆ ತಡೆಯುವ ಆಯಿಲ್ ಸೀಲಿನ ಮೇಲೆ ಮೂರು ಅಳತೆ ಇರುತ್ತದೆ. 35-52-7 ಅಂತಿದ್ದರೆ ಷಾಫ್ಟ್ 35, ಸೀಲ್ ಕೂರುವ ಗೂಡು 52, ದಪ್ಪ 7 ಮಿ.ಮೀ. ಅಂಕಿ ಅಳಿಸಿಹೋಗಿದ್ದರೆ ಹಳೇ ಸೀಲಿನ ತುಟಿಯನ್ನು ಅಳೆಯಬೇಡಿ. ಅದು ಸವೆದು ಅಗಲವಾಗಿರುತ್ತದೆ. ಷಾಫ್ಟನ್ನೂ ಗೂಡನ್ನೂ ಅಳೆಯಿರಿ. ಗೀರುಗೀರಿನ ಅಗಲ ಬೆಲ್ಟ್ ಆದರೆ 6ಪಿಕೆ 1020 ಎಂಬಂಥ ಬರಹ ಸಿಗುತ್ತದೆ. ಆರು ಗೀರು, 1020 ಮಿ.ಮೀ. ಉದ್ದ ಅಂತ ಅರ್ಥ.

ಮಾರುತಿ ಪಾರ್ಟ್ ನಂಬರಿನ ಮೊದಲ ಐದು ಅಂಕಿ ಅದು ಏನು ಅಂತ ಹೇಳುತ್ತವೆ. 16510 ಆಯಿಲ್ ಫಿಲ್ಟರ್, 13780 ಏರ್ ಫಿಲ್ಟರ್. ಅದರ ಮುಂದಿನದು ಯಾವ ಗಾಡಿಗೆ ಅನ್ನುವುದಕ್ಕೆ. ಕಂಪನಿಗಳು ಎಷ್ಟೋ ಸಲ ಹಳೇ ನಂಬರ್ ನಿಲ್ಲಿಸಿ ಅದೇ ಪಾರ್ಟಿಗೆ ಹೊಸ ನಂಬರ್ ಕೊಡುತ್ತವೆ. ಕೌಂಟರಿನಲ್ಲಿ "ಇಲ್ಲ" ಅಂದರೆ ವಾಪಸ್ ಬರಬೇಡಿ, "ಇದರ ಬದಲಿಗೆ ಬಂದ ನಂಬರ್ ಯಾವುದು ನೋಡ್ತೀರಾ" ಅಂತ ಕೇಳಿ.

ಬೋಲ್ಟ್ ವಿಷಯ ಮರೆಯಬೇಡಿ. ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ, ಅದರದ್ದು ಇಂಚಿನ ಲೆಕ್ಕ. ಪದ್ಮಿನಿ ಇಟಲಿಯ ಫಿಯಟ್ 1100ರ ಕುಡಿ, ಅದರದ್ದು ಮಿಲಿಮೀಟರ್ ಲೆಕ್ಕ. ಕಣ್ಣಿಗೆ ಒಂದೇ ಥರ ಕಾಣುವ ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ಎಂಜಿನ್ ಬ್ಲಾಕಿನ ಥ್ರೆಡ್ಡೇ ಹಾಳು.

3. ಕಾರಿನ ನೆಂಟರನ್ನು ಹುಡುಕಿ

ಯಾವ ಕಾರಿಗೂ ಎಲ್ಲ ಭಾಗಗಳನ್ನು ಹೊಸದಾಗಿ ಮಾಡಿರುವುದಿಲ್ಲ. ಕಾಂಟೆಸ್ಸಾ ಕ್ಲಾಸಿಕ್ ಇಟ್ಟುಕೊಂಡವರು ಅಂಬಾಸಿಡರ್ 1800 ಐಎಸ್‌ಝಡ್ ಹೆಸರಿನಲ್ಲಿ ಹುಡುಕಬೇಕು, ಎರಡರಲ್ಲೂ ಇಸುಜು ಎಂಜಿನ್. ಮಾರುತಿ 800ಕ್ಕೆ ಓಮ್ನಿ ಹತ್ತಿರದ ನೆಂಟ, 796 ಸಿಸಿಯ ಅದೇ ಎಂಜಿನ್. ಓಮ್ನಿ 2019ರವರೆಗೂ ತಯಾರಾಯಿತು, ಹಾಗಾಗಿ ಅದರ ಸಾಮಾನು ಸಿಗುವುದು ಸುಲಭ. ಪ್ರೀಮಿಯರ್ 118 ಎನ್‌ಇ ಮೈಕಟ್ಟು ಫಿಯಟ್ 124ರದ್ದು, ಎಂಜಿನ್ ನಿಸ್ಸಾನ್ ಎ12. ಎಂಜಿನ್ ಸಾಮಾನಿಗೆ ಹೊರದೇಶದಲ್ಲಿ ನಿಸ್ಸಾನ್‌ನ ಹಳೇ ಬ್ರ್ಯಾಂಡ್ ಡಾಟ್ಸನ್ ಹೆಸರಿನಲ್ಲಿ ಕೇಳಿ.

ಫಿಯಟ್ ಲಿನಿಯಾ, ಪುಂಟೊ ಡೀಸೆಲ್ ಇರುವವರಿಗೆ ಇದರಿಂದ ತುಂಬಾ ಸಮಾಧಾನ. ಅವುಗಳ 1.3 ಮಲ್ಟಿಜೆಟ್ ಎಂಜಿನ್ನೇ ಸ್ವಿಫ್ಟ್ ಡೀಸೆಲ್‌ನಲ್ಲೂ ಇಂಡಿಕಾ ವಿಸ್ಟಾದಲ್ಲೂ ಇತ್ತು. ಆದರೆ ಎಂಜಿನ್ ಒಂದೇ ಅಂದಮಾತ್ರಕ್ಕೆ ಹೊರಗಿನ ಪೈಪು, ಮೌಂಟಿಂಗ್, ವೈರಿಂಗ್ ಒಂದೇ ಇರಬೇಕಿಲ್ಲ. ಹಳೆಯದನ್ನು ಪಕ್ಕದಲ್ಲಿಟ್ಟು ನೋಡಿಯೇ ದುಡ್ಡು ಕೊಡಿ.

ಇನ್ನೊಂದು ದಾರಿ, ಪಾರ್ಟಿನ ಮೇಲೆ ಅದನ್ನು ಮಾಡಿದ ಯಾವ ಕಂಪನಿಯ ಹೆಸರಿದೆ ನೋಡುವುದು. ಸ್ಟಾರ್ಟರ್ ಮೇಲೆ ಲೂಕಾಸ್ ಟಿವಿಎಸ್ ಅಂತಿದ್ದರೆ ಕಾರಿನ ಅಂಗಡಿ ಬಿಟ್ಟು ಆಟೊ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ.

4. ಯಾವ ಸಾಮಾನಿಗೆ ಯಾವ ಊರು

ಬೆಂಗಳೂರಿನಲ್ಲಿ ಹೊಸದಕ್ಕೆ ಜೆ.ಸಿ. ರಸ್ತೆ ಮತ್ತು ಕಲಾಸಿಪಾಳ್ಯ, ಬಿಚ್ಚಿದ ಗಾಡಿಗಳ ಸಾಮಾನಿಗೆ ಶಿವಾಜಿನಗರದ ಗುಜರಿ. ಚೆನ್ನೈಗೆ ಹೋದರೆ ಪುದುಪೇಟೆ. ದೆಹಲಿಯಲ್ಲಿ ಹೊಸದಕ್ಕೆ ಕಾಶ್ಮೀರಿ ಗೇಟ್, ಹಳೆಯದಕ್ಕೆ ಮಾಯಾಪುರಿ. ಅಂಬಾಸಿಡರ್ ತಯಾರಾಗುತ್ತಿದ್ದದ್ದು ಕೋಲ್ಕತ್ತ ಬಳಿಯ ಉತ್ತರಪಾರಾದಲ್ಲಿ, ಅದರ ಸಾಮಾನಿಗೆ ಅಲ್ಲಿನ ಮಲ್ಲಿಕ್ ಬಜಾರ್ ನೋಡಬೇಕು. ಪದ್ಮಿನಿ ಮುಂಬೈನ ಕುರ್ಲಾದ್ದು. ಅಲ್ಲಿ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ ಸ್ಪೇರ್‌ಗೆ ಗಿರಾಕಿ ಇದ್ದೇ ಇತ್ತು. 2023ರ ಅಕ್ಟೋಬರ್‌ನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ಓಡಲು ಇದ್ದ ಗಡುವೂ ಮುಗಿಯಿತು. ಪದ್ಮಿನಿ ಇರುವವರು ಬೇಕಾದದ್ದನ್ನು ಈಗಲೇ ಕೂಡಿಸಿಟ್ಟುಕೊಳ್ಳುವುದು ಒಳ್ಳೆಯದು.

ದೊಡ್ಡ ಊರೇ ಆಗಬೇಕು ಅಂತೇನಿಲ್ಲ. ತಾಲ್ಲೂಕು ಕೇಂದ್ರದ ಹಳೇ ಆಟೊಮೊಬೈಲ್ ಅಂಗಡಿಗಳ ಅಟ್ಟದ ಮೇಲೆ ಮೂವತ್ತು ವರ್ಷದ ಹಿಂದಿನ ಡಬ್ಬಗಳು ಇನ್ನೂ ಕೂತಿರುತ್ತವೆ. ಗಿರಾಕಿ ಕಡಿಮೆ ಇರುವ ಹೊತ್ತಿಗೆ ಹೋಗಿ. "ಹಳೇ ಸ್ಟಾಕ್ ಏನಾದರೂ ಇದೆಯಾ ಅಣ್ಣ?" ಅಂತ ಕೇಳಿ, ಅವರು ಹುಡುಕುವವರೆಗೆ ಕಾಯಿರಿ.

ಗುಜರಿಯಲ್ಲಿ ಏನು ಕೊಂಡರೂ ಬಿಲ್ ಕೇಳಿ. ಎಂಜಿನ್ ಬದಲಿಸುವುದಾದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಅದಕ್ಕೆ ಒಪ್ಪಿಗೆ ಬೇಕು, ಹೊಸ ನಂಬರ್ ಆರ್‌ಸಿಯಲ್ಲಿ ದಾಖಲಾಗಬೇಕು.

5. ಡಬ್ಬ ಹೊಸದಿದ್ದರೂ ರಬ್ಬರ್ ಹಳೆಯದೇ

ಹಳೇ ಸ್ಟಾಕಿನಲ್ಲಿ ಕಬ್ಬಿಣದ ಸಾಮಾನು ಸಿಕ್ಕರೆ ಧೈರ್ಯವಾಗಿ ಕೊಳ್ಳಬಹುದು. ರಬ್ಬರ್ ಹಾಗಲ್ಲ. ಒಮ್ಮೆ ನನಗೆ ಬ್ರೇಕಿನ ವೀಲ್ ಸಿಲಿಂಡರ್ ಕಿಟ್ ಸಿಕ್ಕಿತ್ತು, ಪ್ಯಾಕೆಟ್ ಕೂಡ ಹರಿದಿರಲಿಲ್ಲ. ಒಳಗಿನ ರಬ್ಬರ್ ಬಟ್ಟಲನ್ನು ಬೆರಳಲ್ಲಿ ಮಡಚಿ ನೋಡಿದೆ. ಮಡಿಕೆಯ ಮೇಲೆ ಬಿಸಿಲಿಗೆ ಒಣಗಿದ ಕೆರೆಯ ಮಣ್ಣಿನ ಥರ ಸಣ್ಣ ಸಣ್ಣ ಬಿರುಕು. ಅದನ್ನು ಹಾಕಿ ಚಾರ್ಮಾಡಿ ಘಾಟಿ ಇಳಿದಿದ್ದರೆ? ನೆನೆಸಿಕೊಂಡರೆ ಈಗಲೂ ಭಯವಾಗುತ್ತದೆ.

ಹಾಗಾಗಿ ಮಡಚಿ ನೋಡಿ, ಉಗುರಲ್ಲಿ ಒತ್ತಿ ನೋಡಿ. ಗಟ್ಟಿಯಾಗಿದ್ದರೂ ಅಂಟಂಟಾಗಿದ್ದರೂ ಬೇಡ. ಬ್ರೇಕಿನ ರಬ್ಬರಿಗೆ ಪೆಟ್ರೋಲ್, ಎಂಜಿನ್ ಆಯಿಲ್ ತಾಗಿಸಲೇಬೇಡಿ, ಉಬ್ಬಿಕೊಳ್ಳುತ್ತದೆ. ಬ್ರೇಕ್ ಆಯಿಲ್‌ನಲ್ಲೇ ತೊಳೆಯಿರಿ.

ಸ್ಟಿಯರಿಂಗ್‌ನ ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಬ್ರೇಕ್ ಹೋಸ್ ಇವನ್ನು ಗುಜರಿಯಿಂದ ತಂದು ಹಾಕಬೇಡಿ. ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

6. ಸಿಗದಿದ್ದರೆ ಮಾಡಿಸಿ

ನಮ್ಮ ಊರುಗಳಲ್ಲಿ ಇನ್ನೂ ಕೈಕೆಲಸದವರಿದ್ದಾರೆ. ಕ್ಲಚ್ ಕೇಬಲ್, ಆಕ್ಸಲರೇಟರ್ ಕೇಬಲ್ ಅಳತೆಗೆ ಮಾಡಿಕೊಡುವವರಿದ್ದಾರೆ. ತಾಮ್ರದ ರೇಡಿಯೇಟರ್‌ಗೆ ಹೊಸ ಕೋರ್ ಹಾಕುತ್ತಾರೆ. ಹಳೇ ಬ್ರೇಕ್ ಷೂಗೆ ಹೊಸ ಲೈನರ್ ಕೂರಿಸುತ್ತಾರೆ. ಗೀರುಬಿದ್ದ ವೀಲ್ ಸಿಲಿಂಡರ್‌ಗೂ ಎಂಜಿನ್ ಬೋರ್‌ಗೂ ಒಳಗೆ ಸ್ಲೀವ್ ಅನ್ನುವ ತೆಳು ಕೊಳವೆ ಹಾಕಿ ಮೊದಲಿನ ಅಳತೆಗೆ ತರಬಹುದು. ಬುಷ್, ಪಿನ್ನು, ಸ್ಪೇಸರ್ ಇವೆಲ್ಲ ಒಳ್ಳೇ ಲೇತ್ ಇರುವವರಿಗೆ ಒಂದು ಮಧ್ಯಾಹ್ನದ ಕೆಲಸ. ಯಾವ ಲೋಹ ಅನ್ನುವುದನ್ನು ಮಾತ್ರ ಅವರೊಂದಿಗೆ ಮಾತಾಡಿ. ಹಿತ್ತಾಳೆಯ ಜಾಗಕ್ಕೆ ಕಬ್ಬಿಣ ಹಾಕಿದರೆ ಷಾಫ್ಟನ್ನೇ ತಿಂದುಬಿಡುತ್ತದೆ.

ಎರಕದ ಭಾಗ ಬೇಕಾದರೆ ಬೆಳಗಾವಿಯ ಉದ್ಯಮಬಾಗ್‌ನ ಫೌಂಡ್ರಿಗಳಲ್ಲಿ ವಿಚಾರಿಸಿ. ಒಂದೇ ಪೀಸ್‌ಗೆ ಅಚ್ಚು ಮಾಡಿಸುವುದು ದುಬಾರಿ. ಅದೇ ಕಾರಿನ ನಾಲ್ಕೈದು ಮಾಲೀಕರು ಸೇರಿದರೆ ಖರ್ಚು ಹಂಚಿಹೋಗುತ್ತದೆ, ಅಲ್ವಾ?

7. ಬರೆದಿಡಿ

ನಮ್ಮ ಪದ್ಮಿನಿಯ ಡ್ಯಾಷ್‌ಬೋರ್ಡ್ ಖಾನೆಯಲ್ಲಿ ಒಂದು ನೋಟ್‌ಬುಕ್ ಇದೆ. ಏನು ಹಾಕಿದೆವು, ಅದರ ನಂಬರ್, ಅಳತೆ, ಯಾವ ಅಂಗಡಿ, ಎಷ್ಟು ದುಡ್ಡು, ಎಲ್ಲ ಅದರಲ್ಲಿದೆ. ಸಿಗುವುದು ಕಷ್ಟ ಅನ್ನಿಸಿದ ಕಬ್ಬಿಣದ ಸಾಮಾನು ಎರಡು ಕೊಂಡು, ಒಂದಕ್ಕೆ ಗ್ರೀಸ್ ಸವರಿ ಪೇಪರಿನಲ್ಲಿ ಸುತ್ತಿಡುತ್ತೇನೆ.

ಈಗ ಹುಡುಕುತ್ತಿರುವುದು ಮುಂದಿನ ಬಾಗಿಲಿನ ಮೂಲೆಯಲ್ಲಿರುವ ಚಿಕ್ಕ ಗಾಜಿನ ರಬ್ಬರ್. ಅದಕ್ಕೆ ನಂಬರ್ ಇಲ್ಲ. ಇಂಥ ಬೀಡಿಂಗ್ ಅಡಿ ಲೆಕ್ಕದಲ್ಲಿ ಸಿಗುತ್ತದೆ, ಆದರೆ ಅಡ್ಡ ಕೊಯ್ದಾಗ ಕಾಣುವ ಆಕಾರ ಸರಿಹೊಂದಬೇಕು. ಹಾಗಾಗಿ ಹಳೇ ರಬ್ಬರಿನ ಒಂದು ಇಂಚಿನ ತುಂಡು ಕೊಯ್ದು ಜೇಬಿನಲ್ಲಿಟ್ಟುಕೊಂಡಿದ್ದೇನೆ. ಯಾವ ಊರಿಗೆ ಹೋದರೂ ರಬ್ಬರ್ ಅಂಗಡಿ ಕಂಡರೆ ಅದನ್ನು ಕೌಂಟರ್ ಮೇಲೆ ಇಟ್ಟು ಕೇಳುತ್ತೇನೆ.