ಶುಗರ್ ಮೀಟರ್ ಇದ್ದಕ್ಕಿದ್ದಂತೆ 300 ತೋರಿಸಿದರೆ

ಮುಂಬೈಯಲ್ಲಿ ಆಪೂಸ್ ಮಾವಿನ ಸೀಸನ್ ಅಲ್ವಾ, ಅದಕ್ಕೇ ಇದನ್ನು ಹೇಳುತ್ತಿದ್ದೇನೆ. ಶುಗರ್ ದಿಢೀರನೆ 300 ಬಂದರೆ ಮೊದಲು ಬೆರಳು ನೋಡಿಕೊಳ್ಳಿ. ಮಾವು ಹೆಚ್ಚಿದ ಕೈಯಲ್ಲಿ ಚೂರು ರಸ ಉಳಿದಿದ್ದರೂ ಆ ಸಕ್ಕರೆ ರಕ್ತದ ಹನಿಗೆ ಸೇರಿ ಲೆಕ್ಕವೇ ಕೆಡುತ್ತದೆ. ಸ್ಯಾನಿಟೈಸರ್ ಒರೆಸಿದರೆ ಸಾಲದು. ಸೋಪು ಹಾಕಿ ತೊಳೆದು, ಪೂರ್ತಿ ಒಣಗಿಸಿ, ಬೇರೆ ಬೆರಳಿನಿಂದ ಹೊಸ ಸ್ಟ್ರಿಪ್ ಹಾಕಿ ನೋಡಿ. ಡಬ್ಬಿಯ ಮುಚ್ಚಳ ಸಡಿಲ ಬಿಟ್ಟಿದ್ದರೆ ಇಲ್ಲಿನ ತೇವಕ್ಕೆ ಸ್ಟ್ರಿಪ್‌ಗಳೂ ಹಾಳಾಗುತ್ತವೆ.

ಆಮೇಲೂ ಜಾಸ್ತಿ ಇದ್ದರೆ ಕಾರಣ ಹುಡುಕಿ. ಮಾತ್ರೆ ತಪ್ಪಿತಾ? ಜ್ವರ, ಮೂತ್ರದ ಸೋಂಕು ಇದೆಯಾ? ಮಂಡಿನೋವಿಗೆ ಸ್ಟೀರಾಯ್ಡ್ ಇಂಜೆಕ್ಷನ್ ತೆಗೆದುಕೊಂಡಿದ್ದೀರಾ? ಇದು ಯಾರಿಗೂ ನೆನಪಾಗುವುದಿಲ್ಲ ನೋಡಿ.

ಗಾಬರಿಯಲ್ಲಿ ಇನ್ಸುಲಿನ್ ಮೇಲೆ ಇನ್ಸುಲಿನ್ ಚುಚ್ಚಿಕೊಳ್ಳಬೇಡಿ, ಮೊದಲಿನ ಡೋಸ್ ಇನ್ನೂ ಕೆಲಸ ಮಾಡುತ್ತಿರುತ್ತದೆ, ಮಧ್ಯರಾತ್ರಿ ಶುಗರ್ ತೀರಾ ಕೆಳಗಿಳಿದರೆ ಅದು ಇನ್ನೂ ಅಪಾಯ. ಸುಮ್ನೆ ಎರಡು ಮಾತ್ರೆ ನುಂಗುವುದೂ ಬೇಡ. ನೀರು ಕುಡಿಯಿರಿ, ಆದರೆ ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರು ಕಡಿಮೆ ಮಾಡಿ ಅಂತ ಹೇಳಿದ್ದರೆ ಡಾಕ್ಟರನ್ನು ಕೇಳಿ. ಟೈಪ್ 1 (ದೇಹದಲ್ಲಿ ಇನ್ಸುಲಿನ್ ತಯಾರಾಗದ ಸಕ್ಕರೆ ಕಾಯಿಲೆ) ಇರುವವರು ಶುಗರ್ 240 ದಾಟಿದರೆ ಕೀಟೋನ್ (ಇನ್ಸುಲಿನ್ ಸಾಲದಾಗ ದೇಹದಲ್ಲಿ ಸೇರುವ ಆಮ್ಲ) ಪರೀಕ್ಷೆ ಮಾಡಿಕೊಳ್ಳಬೇಕು, ಕೀಟೋನ್ ಇದ್ದರೆ ವಾಕಿಂಗ್ ಹೋಗಬೇಡಿ.

ಮತ್ತೆ ನೋಡಿದಾಗಲೂ 300 ಇಳಿಯದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಲ್ಲಿ ಹಣ್ಣಿನ ವಾಸನೆ, ಮಂಪರು, ಇವು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಒಬ್ಬರೇ ಲೋಕಲ್ ರೈಲು ಹತ್ತಿ ಹೊರಡುವುದೂ ಬೇಡ, ಆಂಬ್ಯುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಿ.