ಶುದ್ಧ ಕಲ್ಚರ್‌ಗೂ ಡಿಜಿಜಿಇ ಜೆಲ್‌ನಲ್ಲಿ ಎರಡು ಪಟ್ಟಿ ಬಂದಾಗ

ಡಿಜಿಜಿಇ ಎಂದರೆ ಡಿಎನ್‌ಎ ತುಣುಕುಗಳನ್ನು ಅನುಕ್ರಮದ ವ್ಯತ್ಯಾಸಕ್ಕೆ ತಕ್ಕಂತೆ ಜೆಲ್‌ನಲ್ಲಿ ಪಟ್ಟಿಗಳಾಗಿ ಬಿಡಿಸುವ ವಿಧಾನ; ಒಂದು ತಳಿಗೆ ಒಂದು ಪಟ್ಟಿ ಎಂಬುದು ನಿರೀಕ್ಷೆ. ಸರೋವರದ ನೇರಳೆ ಗಂಧಕ ಬ್ಯಾಕ್ಟೀರಿಯಾಗಳನ್ನು ಪ್ರಯೋಗಾಲಯದ ಕಲ್ಚರ್‌ಗಳೊಂದಿಗೆ (ಅಂದರೆ ಬೆಳೆಸಿದ ತಳಿಗಳೊಂದಿಗೆ) ಬ್ಯಾಕ್ಟೀರಿಯಾ ಗುರುತಿಸಲು ಬಳಸುವ 16ಎಸ್ ಜೀನ್‌ನ ಮೂಲಕ ಹೋಲಿಸುವಾಗ, ಒಂದೇ ತಳಿಯ ಕಲ್ಚರ್ ಕೂಡ ಒತ್ತೊತ್ತಾಗಿ ಎರಡು ಪಟ್ಟಿ ತೋರುತ್ತಿತ್ತು. ಹೀಗಿದ್ದರೆ ಸರೋವರದ ಮಾದರಿಯ ಪಟ್ಟಿಗಳನ್ನು ಎಣಿಸುವುದೇ ವ್ಯರ್ಥ.

ಕಲ್ಚರನ್ನು ಮತ್ತೆ ಶುದ್ಧೀಕರಿಸಿದೆ, ಡಿಎನ್‌ಎ ಹೊಸದಾಗಿ ತೆಗೆದೆ, ಪಿಸಿಆರ್‌ನಲ್ಲಿ (ಡಿಎನ್‌ಎಯನ್ನು ನಕಲಿಸಿ ಹೆಚ್ಚಿಸುವ ಪ್ರಕ್ರಿಯೆ) ಅನೀಲಿಂಗ್ ತಾಪಮಾನ, ಅಂದರೆ ನಕಲು ಆರಂಭಿಸುವ ಕಿರು ಡಿಎನ್‌ಎ ಅಂಟಿಕೊಳ್ಳುವ ತಾಪಮಾನ, ಏರಿಸಿದೆ. ಎರಡನೆಯ ಪಟ್ಟಿ ಹೋಗಲಿಲ್ಲ.

ಪರಿಹಾರ ಸಿಕ್ಕಿದ್ದು ಪಿಸಿಆರ್‌ನ ಕೊನೆಯ ಹಂತದಲ್ಲಿ. 72 ಡಿಗ್ರಿ ಸೆಲ್ಸಿಯಸ್‌ನ ಅಂತಿಮ ವಿಸ್ತರಣೆಯನ್ನು 7 ನಿಮಿಷದಿಂದ 30 ನಿಮಿಷಕ್ಕೆ ಹೆಚ್ಚಿಸಿದೆ. ಬೇರೇನನ್ನೂ ಬದಲಿಸಲಿಲ್ಲ, ಜೆಲ್ 60 ಡಿಗ್ರಿಯಲ್ಲೇ ಓಡಿತು. ಜಿಸಿ ಕ್ಲ್ಯಾಂಪ್ (ಡಿಜಿಜಿಇಗಾಗಿ ತುದಿಗೆ ಸೇರಿಸುವ, ಜಿ ಮತ್ತು ಸಿ ಅಕ್ಷರಗಳು ತುಂಬಿದ ಡಿಎನ್‌ಎ ತುಂಡು) ಹೊತ್ತ ತುಣುಕುಗಳ ನಕಲು ಪೂರ್ಣಗೊಳ್ಳಲು ಅಷ್ಟು ಹೊತ್ತು ಬೇಕು. ಅರೆಬರೆ ನಕಲುಗಳೇ ಎರಡನೆಯ ಪಟ್ಟಿಯಾಗಿದ್ದವು.

ಈಗ ಕಲ್ಚರ್‌ಗೆ ಒಂದೇ ಪಟ್ಟಿ. ಅದನ್ನು ಸರೋವರದ ಮಾದರಿಯ ಪಕ್ಕದಲ್ಲೇ ಓಡಿಸಿ. ಪಟ್ಟಿಗಳು ಸರಿಸಮ ನಿಂತರೂ ಕತ್ತರಿಸಿ ಅನುಕ್ರಮ ಓದಿಸಲೇಬೇಕು: ಬೇರೆ ಪ್ರಭೇದಗಳೂ ಅದೇ ಮಟ್ಟದಲ್ಲಿ ನಿಲ್ಲಬಹುದು.